ಮುಚ್ಚಿದ ಹಗೇವು

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದ ಓಣಿಗಳಿಗೆ ನುಗ್ಗಿ ಇಳಿದ ಮೇಲೆ, ಬಿದ್ದ ಮಣ್ಣಿನ ಗೋಡೆಗಳ ಜಾಗದಲ್ಲಿ ಹೊಸ ಪಾಯಾ ತೋಡುವ ಕೆಲಸ ಊರ ತುಂಬ ಶುರುವಾಯಿತು. ಪರಿಚಯದವರೊಬ್ಬರ ಮನೆಯ ಪಾಯಾ ನೋಡಲು ಹೋಗಿದ್ದೆ. ತೋಡಿದ ಗುಂಡಿಯ ಮಗ್ಗುಲು ನೆಟ್ಟಗೆ ಕತ್ತರಿಸಿದ ಹಾಗೆ ನಿಂತಿತ್ತು. ಎಲ್ಲಕ್ಕೂ ಮೇಲೆ ಹೊಳೆ ತಂದು ಹಾಕಿದ ರಾಡಿ, ಒಣಗಿ ಬಿರಿದದ್ದು. ಅದರ ಕೆಳಗೆ ಬಿದ್ದ ಗೋಡೆಯ ಹಳದಿ ಮಣ್ಣು. ಅದರ ಕೆಳಗೆ ಬೆರಳು ದಪ್ಪದ ಬೂದಿಯ ಗೆರೆ. ಬೂದಿಯ ಕೆಳಗೆ ಕಪ್ಪು ಮಣ್ಣು, ಅದರೊಳಗೆ ಮಡಕೆಯ ಚೂರು, ಎಲುಬಿನ ತುಣುಕು, ಕರಿ ಗಾಜಿನ ಬಳೆಯ ಒಂದು ಕೊಂಕು. ಎದೆಮಟ್ಟಕ್ಕೆ ಇಳಿಯುವಷ್ಟರಲ್ಲಿ ಒಂದು ಮೂಲೆ ಧಸಕ್ಕನೆ ಕುಸಿದು ದುಂಡಗಿನ ಬಾಯಿ ತೆರೆಯಿತು. ಹಗೇವು, ಕಾಳು ಕೂಡಿಡುವ ನೆಲಗುಂಡಿ.

ಗೌಂಡಿ ಬಗ್ಗಿ ನೋಡಿದ. "ಹಗೇವ್ರಿ, ಹಳೇದು. ಮುಚ್ಚಿಬಿಡೂಣು, ಇಲ್ಲಂದ್ರ ಕಾಲಮ್ ಕುಂಡ್ರಂಗಿಲ್ಲ" ಅಂದ. ಮನೆಯ ಯಜಮಾನರು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ನೆರೆಯಲ್ಲಿ ಮನೆ ಕಳೆದುಕೊಂಡು ಸಂಬಂಧಿಕರ ಮನೆಯಲ್ಲಿ ದಿನ ದೂಡುತ್ತಿದ್ದವರಿಗೆ ನಾನು ಹೇಳುವುದಾದರೂ ಏನಿತ್ತು? ಸಂಜೆಯೊಳಗೆ ಎರಡು ಟ್ರ್ಯಾಕ್ಟರ್ ಇಟ್ಟಿಗೆ ಚೂರು ಸುರಿದು ಹಗೇವು ಮುಚ್ಚಿದರು. ಅದರ ಆಳ ಎಷ್ಟು, ಒಳಗೋಡೆಗೆ ಸೆಗಣಿ ಬಳಿದಿತ್ತೋ ಹುಲ್ಲು ಹೊದಿಸಿತ್ತೋ, ತಳದಲ್ಲಿ ಕಾಳು ಉಳಿದಿತ್ತೋ, ಯಾವುದನ್ನೂ ಬರೆದಿಟ್ಟುಕೊಳ್ಳಲಿಲ್ಲ. ಜೇಬಿನಲ್ಲಿದ್ದ ಮೊಬೈಲಿನಿಂದ ಒಂದು ಫೋಟೊ ಕೂಡ ತೆಗೆಯಲಿಲ್ಲ. ಆ ದಿನದ ನನ್ನ ಮೌನ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಈಚಿನ ವರ್ಷಗಳನ್ನು ಹಿಂದಿರುಗಿ ನೋಡಲು ಕೂತಾಗ ಮೊದಲು ಕಣ್ಣಿಗೆ ಬರುವುದು ಆ ದುಂಡಗಿನ ಬಾಯಿ.

ಈ ವರ್ಷಗಳಲ್ಲಿ ಮೂರೂ ಊರುಗಳು ಬದಲಾದ ವೇಗ ಸಾಮಾನ್ಯದ್ದಲ್ಲ. 2018ರಲ್ಲಿ ಗೋಕಾಕ ತಾಲೂಕಿನಿಂದ ಬೇರೆಯಾಗಿ ಮೂಡಲಗಿ ತಾನೇ ತಾಲೂಕಾಯಿತು. ತಾಲೂಕು ಅಂದ ಮೇಲೆ ಕಚೇರಿ, ಕಚೇರಿ ಅಂದ ಮೇಲೆ ರಸ್ತೆ, ರಸ್ತೆಯ ಎರಡೂ ಬದಿಗೆ ಎನ್‌ಎ (ಕೃಷಿಯೇತರ) ಆದ ಹೊಲ, ಹೊಲದಲ್ಲಿ ಸುಣ್ಣದ ಗೆರೆ ಹಾಕಿದ ಪ್ಲಾಟು. ಗೋಕಾಕದಲ್ಲಿ ನೆರೆಯ ಮೇಲೆ ನೆರೆ ಬಂದು ಮಣ್ಣಿನ ಮನೆಗಳು ಹೋಗಿ ಆರ್‌ಸಿಸಿ ಮನೆಗಳು ಬಂದವು. ಹುಕ್ಕೇರಿಯಲ್ಲಿ ಪೈಪು, ಗಟಾರ, ಕಾಂಪ್ಲೆಕ್ಸು. ಬೆಳೆಯಬೇಕಾದ ಊರು ಬೆಳೆಯಲಿ. ನೆರೆಗೆ ಸಿಕ್ಕಿದವರಿಗೆ ಗಟ್ಟಿ ಮನೆ ಬೇಕು, ಹೊಸ ತಾಲೂಕಿಗೆ ಕಚೇರಿ ಬೇಕು. ನನ್ನ ಸಂಕಟ ಬೇರೆ. ಇಷ್ಟೆಲ್ಲ ನೆಲ ಅಗೆದೆವಲ್ಲ, ಅಗೆಯುವ ಮೊದಲು ಅದರಲ್ಲಿ ಏನಿದೆ ಎಂದು ನೋಡುವ ಪದ್ಧತಿಯನ್ನೇ ನಾವು ಹಾಕಿಕೊಂಡಿಲ್ಲ.

ಈ ಸೀಮೆಯ ನೆಲ ಎಂಥದ್ದು ಎಂದು ಗೊತ್ತಿದ್ದರೆ ಈ ಸಂಕಟ ಅರ್ಥವಾದೀತು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಕಲ್ಲಿನ ಕೈಕೊಡಲಿ ಹೆಕ್ಕಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮುಂದೆ ನಮ್ಮ ಕಡೆಯ ನೆಲ ಅಳೆಯಲು ಬಂದರು. ಗೋಕಾಕದ ಹತ್ತಿರ ಅವರು 'ಚಿಕ್‌ದೌಲಿ' ಎಂದು ಬರೆದುಕೊಂಡ ಊರಿನ ಹಳ್ಳದ ದಂಡೆಯಲ್ಲಿ ಎಲುಬುಗಳು ಸಿಕ್ಕವು. ಅವು ಖಡ್ಗಮೃಗದ ಎಲುಬುಗಳು, ಅಳಿದುಹೋದ ಒಂದು ಜಾತಿಯವು. 1874ರಲ್ಲಿ ಅದಕ್ಕೆ 'ರೈನೋಸರಸ್ ಡೆಕ್ಕನೆನ್ಸಿಸ್' ಎಂದು ಹೆಸರಿಟ್ಟು ಪ್ರಕಟಿಸಿದರು. ಇವತ್ತು ಕಬ್ಬು, ಗೋವಿನಜೋಳ ಬೆಳೆಯುವ ಕರಿನೆಲದಲ್ಲಿ ಒಂದು ಕಾಲಕ್ಕೆ ಖಡ್ಗಮೃಗ ಮೇಯುತ್ತಿತ್ತು. ಅದನ್ನು ನಮಗೆ ತಿಳಿಸಿದ್ದು ಹರಿಯುವ ಹಳ್ಳ ಕೊರೆದ ಒಂದು ದಂಡೆ, ಮತ್ತು ಆ ಹೊತ್ತಿಗೆ ಅಲ್ಲಿ ನಿಂತು ನೋಡಬಲ್ಲ ಒಬ್ಬ ಮನುಷ್ಯ.

ಗೋಕಾಕ ಜಲಪಾತದ ದಾರಿಯ ಕೊಣ್ಣೂರಿನಲ್ಲಿ ಕಬ್ಬಿಣಯುಗದವರು ಸತ್ತವರಿಗಾಗಿ ಕಟ್ಟಿದ ಕಲ್ಲುಕೋಣೆಗಳಿವೆ. ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅ. ಸುಂದರ ಅವರು ದಕ್ಷಿಣ ಭಾರತದ ಇಂಥ ಕೋಣೆಗೋರಿಗಳ ಮೇಲೆ 1975ರಲ್ಲಿ ತಂದ ಗ್ರಂಥ ಈ ವಿಷಯದಲ್ಲಿ ಇವತ್ತಿಗೂ ಆಧಾರ. ಅದೇ ಕೊಣ್ಣೂರು ಈ ಸೀಮೆಯನ್ನಾಳಿದ ರಟ್ಟರ ಕಾಲದ ಶಾಸನಗಳಲ್ಲಿ ಕೊಂಡನೂರು. ಜಲಪಾತದ ಎರಡೂ ದಂಡೆಗೆ ಚಾಲುಕ್ಯರ ಕಾಲದ ಗುಡಿಗಳು. ಅವುಗಳ ಮಗ್ಗುಲಲ್ಲೇ 1885ರಲ್ಲಿ ಗಿರಣಿ ಬಂತು, 1887ರಲ್ಲಿ ಬೀಳುವ ನೀರಿನಿಂದ ವಿದ್ಯುತ್ತು ಬಂತು. ಕಲ್ಲುಕೋಣೆಯಿಂದ ಟರ್ಬೈನಿನವರೆಗೆ ನಡೆದು ಹೋಗಬಹುದಾದಷ್ಟೇ ದೂರ. ಕಾಲದ ಲೆಕ್ಕದಲ್ಲಿ ಎರಡು ಸಾವಿರ ವರ್ಷಕ್ಕೂ ಮೇಲೆ.

ಗೋಕಾಕ ಎಂಬ ಊರಿನ ಹೆಸರೇ ಒಂದು ಯುದ್ಧದ ಸುದ್ದಿಯೊಂದಿಗೆ ಬರುತ್ತದೆ. ಕಲ್ಯಾಣದ ಚಾಲುಕ್ಯರ ಜಯಸಿಂಹನ ಸಹೋದರಿ ಅಕ್ಕಾದೇವಿ, ತಾನೇ ನಾಡನ್ನಾಳಿದ ಹೆಣ್ಣು, 1047ರ ಸುಮಾರಿಗೆ 'ಗೋಕಾಗೆ'ಯ ಕೋಟೆಗೆ ಮುತ್ತಿಗೆ ಹಾಕಿದ್ದಳೆಂದು ಶಾಸನ ಹೇಳುತ್ತದೆ. ಮುತ್ತಿಗೆ ಹಾಕುವಷ್ಟು ದೊಡ್ಡ ಕೋಟೆ ಇತ್ತೆಂದರೆ ಅದರ ಒಳಗೆ, ಹೊರಗೆ ಜನ ಇದ್ದರು. ಅವರು ತಿಂದ ಕಾಳು, ಒಡೆದ ಮಡಕೆ, ಸುಟ್ಟ ಸೌದೆಯ ಬೂದಿ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ, ನಮ್ಮ ಕಾಲಡಿಯಲ್ಲೇ ಇದೆ. ಇದಕ್ಕೂ ಎಷ್ಟೋ ಹಿಂದಿನದು ಗೋಕಾಕದಲ್ಲಿ ಸಿಕ್ಕ ತಾಮ್ರಪಟ. ದೇಜ್ಜ ಮಹಾರಾಜನೆಂಬ ರಾಷ್ಟ್ರಕೂಟ ಅರಸ, ಅವನ ಅಧೀನದ ಸೇಂದ್ರಕ ಇಂದ್ರಣಂದ, ಜೈನರಿಗೆ ಬಿಟ್ಟ ದತ್ತಿ, 'ಆಗುಪ್ತಾಯಿಕ' ಎಂಬ ಬೇರೆಲ್ಲೂ ಬಳಕೆಯಲ್ಲಿಲ್ಲದ ಶಕೆಯ 845ನೆಯ ವರ್ಷ. ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟವಾದ ಆ ಪಟ ಇಲ್ಲದಿದ್ದರೆ ಈ ಅರಸನ ಹೆಸರೇ ಚರಿತ್ರೆಯಲ್ಲಿ ಇರುತ್ತಿರಲಿಲ್ಲ.

ಮೂಡಲಗಿ ತಾಲೂಕಿನ ಕಲ್ಲೋಳಿಗೆ ಹೋಗುವವರು ಹೆಚ್ಚಾಗಿ ಮಾರುತಿಯ ದರ್ಶನಕ್ಕೆ ಹೋಗುತ್ತಾರೆ. ಅದೇ ಕಲ್ಲೋಳಿಯಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಜೈನ ಶಾಸನವಿದೆ. ಶಾಸನತಜ್ಞ ಜೆ. ಎಫ್. ಫ್ಲೀಟ್ ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಓದಿ ಅಚ್ಚು ಹಾಕಿಸಿದರು. ಕೂಂಡಿ ಮೂರುಸಾವಿರ ಎಂಬ ನಾಡಿನಲ್ಲಿ ಕುರುಂಬೆಟ್ಟ ಎಂಬ ಕಂಪಣ, ಅಂದರೆ ಒಳನಾಡು, ಅದರೊಳಗೆ ಈ ಊರು, ಶಾಂತಿನಾಥನ ಬಸದಿ, ಬಸದಿಗೆ ಬಿಟ್ಟ ಭೂಮಿ. ಕುರುಂಬೆಟ್ಟ ಎಂದು ಓದಿದ ಕೂಡಲೇ ಗೋಕಾಕ ತಾಲೂಕಿನವರಿಗೆ ಕುರಬೇಟ ನೆನಪಾಗುತ್ತದೆ. ಇಂಥ ದಾನಶಾಸನಗಳು ಭೂಮಿಯ ಎಲ್ಲೆಯನ್ನು ಹೇಳುವ ಬಗೆ ಇಂದಿನ ಉತಾರದ ಚಕ್ಕುಬಂದಿಗಿಂತ ಬೇರೆಯಲ್ಲ: ಮೂಡಲಿಗೆ ಇದು, ಪಡುವಲಿಗೆ ಇದು, ಇಲ್ಲಿ ನೆಟ್ಟ ಕಲ್ಲು, ಅಲ್ಲಿ ಹಳ್ಳ. ಶಾಸನವನ್ನು ಕೈಯಲ್ಲಿ ಹಿಡಿದು ಎಲ್ಲೆ ನಡೆದರೆ, ಎಂಟುನೂರು ವರ್ಷದ ಹಿಂದಿನ ಊರು ಎಲ್ಲಿತ್ತು, ಹೊಲ ಎಲ್ಲಿತ್ತು ಎಂದು ಗುರುತಿಸುವ ಪ್ರಯತ್ನವನ್ನಾದರೂ ಮಾಡಬಹುದು. ಹೊಸ ತಾಲೂಕಿಗೆ ನಕ್ಷೆ ಬರೆಯುವಾಗ ಈ ಹಳೆಯ ನಕ್ಷೆಯೂ ಮೇಜಿನ ಮೇಲೆ ಇರಬೇಕಾಗಿತ್ತು ಎಂಬುದು ನನ್ನ ಖಚಿತ ಮಾತು.

ಹುಕ್ಕೇರಿಯದು ಇನ್ನೊಂದು ಬಗೆ. ಹೂವಿನಕೇರಿಯೇ ಹುಕ್ಕೇರಿಯಾಯಿತು, ಇಲ್ಲಿಯ ಗುಲಾಬಿ ವಿಜಯಪುರದ ಸುಲ್ತಾನರಿಗೆ ಹೋಗುತ್ತಿತ್ತು ಎಂದು ಊರ ಹಿರಿಯರು ಹೇಳುತ್ತಾರೆ. ಆದಿಲಶಾಹಿ ಕಾಲದ ಗುಮ್ಮಟಗಳು ದೂರದಿಂದಲೇ ಕಾಣುತ್ತವೆ. ಕಾಣದೇ ಇರುವುದು ಆ ಕಾಲದ ಕಾರಂಜಿ ಮತ್ತು ಅದಕ್ಕೆ ನೀರು ತರುತ್ತಿದ್ದ ನೆಲದಡಿಯ ದಾರಿ. ನಾನು ಬಹಳ ಹೆದರುವುದು ಈ ಕಾಣದ್ದರ ವಿಷಯಕ್ಕೆ. ಗುಮ್ಮಟಕ್ಕೆ ಜೆಸಿಬಿ ತಾಗಿಸಿದರೆ ಹತ್ತು ಜನ ಓಡಿ ಬರುತ್ತಾರೆ. ಗಟಾರಕ್ಕೆಂದು ಅಗೆಯುವಾಗ ಹಳೆಯ ನೀರಿನ ಕೊಳವೆ ತುಂಡಾದರೆ ಅದು ಸುಟ್ಟ ಮಣ್ಣಿನ ಚೂರು, ಅಷ್ಟೇ. ನಾಲ್ಕುನೂರು ವರ್ಷ ಹಿಂದೆ ಒಂದು ಊರಿಗೆ ಇಳಿಜಾರು ಲೆಕ್ಕ ಹಾಕಿ ನೀರು ತಂದ ವಿದ್ಯೆ ಆ ಚೂರಿನ ಮಟ್ಟದಲ್ಲಿ, ಅದು ಕೂತಿದ್ದ ಆಳದಲ್ಲಿ, ವಾಲಿದ್ದ ದಿಕ್ಕಿನಲ್ಲಿ ಇರುತ್ತದೆ. ಕಿತ್ತು ಮ್ಯೂಜಿಯಮ್ಮಿನ ಕಪಾಟಿನಲ್ಲಿ ಇಟ್ಟರೆ ವಿದ್ಯೆ ಉಳಿಯುವುದಿಲ್ಲ.

ಕಾಯ್ದೆ ಇಲ್ಲವೇ? ಇದೆ. 1958ರ ಕೇಂದ್ರದ ಪುರಾತನ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಗಿ, ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ದೊಡ್ಡ ಯೋಜನೆಗಳ ಪರಿಣಾಮ ಪರಿಶೀಲಿಸಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವೂ ಇದೆ. ರಾಜ್ಯಕ್ಕೆ ತನ್ನದೇ 1961ರ ಕಾಯ್ದೆ. ನೆಲದಲ್ಲಿ ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ಆಗ ಹತ್ತು ರೂಪಾಯಿಗೆ ಮೇಲ್ಪಟ್ಟದ್ದು ಎಂದು ಗೆರೆ ಹಾಕಿದ್ದರು. ಇವೆಲ್ಲ ಕಾಣುವ ಸ್ಮಾರಕವನ್ನು, ಕೈಗೆ ಸಿಗುವ ವಸ್ತುವನ್ನು ಕಾಯುತ್ತವೆ. ಸ್ಮಾರಕವೆಂದು ಘೋಷಣೆಯಾಗದ ಹಳೇ ಪೇಟೆಯ ಒಂದು ಮನೆಯ ಪಾಯಾದಲ್ಲಿ ಬೂದಿಯ ಗೆರೆಯೊಂದು ಕಂಡರೆ ಅದು ಯಾವ ಕಾಯ್ದೆಯ ಹತ್ತು ರೂಪಾಯಿಗೂ ಬಾಳುವುದಿಲ್ಲ. ನನ್ನ ಪರಿಚಯದವರ ಹಗೇವಿಗೆ ಬೆಲೆ ಕಟ್ಟುವವರು ಯಾರು?

ನೆಲದ ಮೇಲೆ ನಿಂತದ್ದರ ಬಗ್ಗೆ ನಮಗೆ ಅಕ್ಕರೆ ಇಲ್ಲ ಅನ್ನಲಾರೆ. ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಬೇರೆ ಕಡೆ ಸರಿಸಿದರು. ಸುಮಾರು ಸಾವಿರ ಟನ್ ತೂಕದ ಕಟ್ಟಡ. ಅದು ಹೆಮ್ಮೆಯ ಕೆಲಸ. ಆದರೆ ನೆಲದಡಿಯದು ಹಾಗಲ್ಲ. ಬೆಂಗಳೂರಿನ ಕೆ. ಆರ್. ಮಾರುಕಟ್ಟೆಯ ಬಳಿ ಮೆಟ್ರೊಗೆ ಅಗೆಯುವಾಗ 2012ರಲ್ಲಿ ಹಳೆಯ ಫಿರಂಗಿಗಳು ಎದ್ದು ಬಂದವು. ಅದು ಕೋಟೆಯ ಜಾಗ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಫಿರಂಗಿ ಸಿಕ್ಕದ್ದು ಯಂತ್ರದ ಹಲ್ಲಿಗೆ.

ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಮೇಲ್ಪಂಕ್ತಿ ಒಂದಿದೆ. ಬೆಳಗಾವಿಯ ವಡಗಾಂವ-ಮಾಧವಪುರ. ಇವತ್ತು ಅಲ್ಲಿ ಮಗ್ಗದ ಸದ್ದು, ಇಕ್ಕಟ್ಟಿನ ಓಣಿ, ಮನೆಗೆ ಮನೆ ಅಂಟಿದ ಪೇಟೆ. 1970ರ ದಶಕದಲ್ಲಿ ಅ. ಸುಂದರ ಅವರು ಅಲ್ಲಿ ಉತ್ಖನನ ನಡೆಸಿದಾಗ ಸಾತವಾಹನರ ಕಾಲದ ಒಂದು ಪಟ್ಟಣವೇ ಕಂಡಿತು. ಯಜ್ಞಗಳನ್ನು ಮಾಡಿದವನ ಹೆಸರು ಹೇಳುವ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ ಅಲ್ಲಿಯದು. ಬೆಳಗಾವಿಯ ಚರಿತ್ರೆ ರಟ್ಟರ ವೇಣುಗ್ರಾಮದಿಂದ ಶುರು ಎಂದುಕೊಂಡಿದ್ದವರು ಅದನ್ನು ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಒಯ್ಯಬೇಕಾಯಿತು. ಆ ಅಗೆತ ಹತ್ತಿಪ್ಪತ್ತು ವರ್ಷ ತಡವಾಗಿದ್ದರೆ ಅಗೆಯಲು ಖಾಲಿ ಜಾಗ ಎಲ್ಲಿ ಉಳಿಯುತ್ತಿತ್ತು? ಊರು ಬೆಳೆದು ಮೇಲೆ ಕೂರುವ ಮೊದಲು ಒಬ್ಬರು ನೋಡಿದರು, ಅದರಿಂದ ಒಂದು ಪಟ್ಟಣ ಉಳಿಯಿತು. ಗೋಕಾಕದಲ್ಲಿ ಆ ಅವಕಾಶ 2019ರಲ್ಲಿ ಬಂದಿತ್ತು. ಊರಿಗೆ ಊರೇ ತೆರೆದ ಗುಂಡಿಯಾಗಿತ್ತು. ಆ ಅವಕಾಶವನ್ನು ನಾವು ಕಳೆದುಕೊಂಡೆವು.

ಅಣೆಕಟ್ಟುಗಳ ವಿಷಯದಲ್ಲೂ ಎರಡು ಚಿತ್ರ ಎದುರೆದುರು ನಿಲ್ಲುತ್ತವೆ. ಕೃಷ್ಣೆಗೆ ಕಟ್ಟಿದ ನಾಗಾರ್ಜುನಸಾಗರ ತುಂಬುವ ಮುನ್ನ 1954ರಿಂದ 1960ರವರೆಗೆ ಇಡೀ ಕಣಿವೆಯನ್ನು ಅಗೆದು ದಾಖಲಿಸಿದರು. ಇಕ್ಷ್ವಾಕುಗಳ ರಾಜಧಾನಿ ನೀರಿಗೆ ಹೋಗುವ ಮೊದಲು ಪುಸ್ತಕಕ್ಕೆ ಬಂತು. ನಮ್ಮ ಹಿಡಕಲ್ ಜಲಾಶಯದಲ್ಲಿ ನೀರು ತಳಕ್ಕೆ ಇಳಿದ ಬೇಸಿಗೆಯಲ್ಲಿ ಹುನ್ನೂರಿನ ವಿಠ್ಠಲನ ಗುಡಿ ಮೇಲೇಳುತ್ತದೆ. ಜನ ಕೆಸರು ದಾಟಿ ಹೋಗಿ ಕಾಯಿ ಒಡೆಸಿ, ಫೋಟೊ ತೆಗೆಸಿಕೊಂಡು ಬರುತ್ತಾರೆ. ಮುಳುಗಿದ ಊರಿನವರು ಗುಡಿಯ ಕಲ್ಲು ಮುಟ್ಟಿ ನಿಲ್ಲುವುದನ್ನು ನೋಡಿದರೆ, ಹಳೆಯ ನೆಲ ಜನಕ್ಕೆ ಬೇಡವಾಗಿದೆ ಎನ್ನುವ ಮಾತು ಎಷ್ಟು ಸುಳ್ಳೆಂದು ತಿಳಿಯುತ್ತದೆ.

ಬೇರೆ ದೇಶದವರೂ ಪೆಟ್ಟು ತಿಂದೇ ಕಲಿತರು. 1989ರಲ್ಲಿ ಲಂಡನ್ನಿನಲ್ಲಿ ಕಚೇರಿ ಕಟ್ಟಡಕ್ಕೆ ಅಗೆಯುವಾಗ ಶೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ಅಡಿಪಾಯ ಬಯಲಾಗಿ ದೊಡ್ಡ ಗದ್ದಲವಾಯಿತು. ಮರುವರ್ಷವೇ ಇಂಗ್ಲೆಂಡಿನಲ್ಲಿ ಕಟ್ಟಡದ ಪರವಾನಿಗೆ ಕೇಳುವ ಹಂತದಲ್ಲೇ ನೆಲದ ಪುರಾತತ್ವ ಪರಿಶೀಲನೆಯನ್ನು ಲೆಕ್ಕಕ್ಕೆ ತರುವ ನೀತಿ ಬಂತು. 1992ರಲ್ಲಿ ಯುರೋಪಿನ ದೇಶಗಳು ಮಾಲ್ಟಾದ ವಾಲೆಟ್ಟಾದಲ್ಲಿ ಒಪ್ಪಂದ ಮಾಡಿಕೊಂಡವು. ಫ್ರಾನ್ಸ್ 2001ರಲ್ಲಿ ಇದಕ್ಕೆಂದೇ ಕಾನೂನು ತಂದಿತು. ದೊಡ್ಡದಾಗಿ ಕಟ್ಟುವವನೇ ಅದರ ಖರ್ಚು ಹೊರಬೇಕು ಎಂಬುದು ಅಲ್ಲಿಯ ಪದ್ಧತಿ.

ಪರಿಶೀಲನೆ ಅಂದರೆ ವರ್ಷಗಟ್ಟಲೆ ಅಗೆಯುವುದು ಎಂಬ ಭಯ ನಮ್ಮಲ್ಲಿದೆ. ಅದು ಹಾಗಿಲ್ಲ. ಮೊದಲ ಕೆಲಸ ಕೂತಲ್ಲೇ ಆಗುವಂಥದ್ದು. ಹಳೆಯ ಸರ್ವೆ ನಕ್ಷೆ, ಶಾಸನ ಸಂಪುಟ, ಗ್ಯಾಝೆಟಿಯರ್, ಪುರಾತತ್ವ ಇಲಾಖೆಯ ಗ್ರಾಮವಾರು ಸರ್ವೇಕ್ಷಣೆಯ ವರದಿ ಒಟ್ಟಿಗೆ ಹರವಿ ನೋಡುವುದು. ನಮ್ಮ ಊರಿನ ಹೆಸರುಗಳೇ ಅರ್ಧ ದಾರಿ ತೋರಿಸುತ್ತವೆ: ಅಗಸಿ, ಹುಡೇವು, ಕ್ವಾಟಿ ಓಣಿ, ಹಾಳೂರ ದಿನ್ನಿ. ಮೇಲ್ಮುದ್ದಿಗೆ ಬಿಳಿಮಣ್ಣು ತರುತ್ತಿದ್ದ ದಿನ್ನೆ ಯಾವುದು ಎಂದು ಅಜ್ಜಿಯರನ್ನು ಕೇಳಿದರೆ ಸಾಕು. ಆ ಬಿಳಿಮಣ್ಣು ಎಷ್ಟೋ ಕಡೆ ಹಳೆಯ ಊರು ಕುಸಿದು ಕರಗಿ ಆದ ಮಣ್ಣು. ಎರಡನೆಯದು ಜಾಗದಲ್ಲಿ ನಡೆದು ನೋಡುವುದು. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆಯ ಚೂರು ಕಂಡರೆ ಕಬ್ಬಿಣಯುಗದ ಜನ ಅಥವಾ ಅವರ ಹಿಂದುಮುಂದಿನವರು ಅಲ್ಲಿದ್ದರೆಂದು ಅನುಮಾನಿಸಬಹುದು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಒಳಮೈ ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. ಮೂರನೆಯದಾಗಿ, ಅನುಮಾನ ಬಲವಾದಲ್ಲಿ ಮಾತ್ರ ಒಂದೆರಡು ಮೀಟರ್ ಚೌಕದ ಪರೀಕ್ಷಾ ಗುಂಡಿ. ಪದರ ಪದರವಾಗಿ ಮಣ್ಣು ತೆಗೆದು, ಜರಡಿ ಹಿಡಿದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಮಗ್ಗುಲಿನ ನಕ್ಷೆ ಬರೆಯುವುದು. ಒಂದು ಮನೆಯ ಪ್ಲಾಟಿಗೆ ಇದು ಕೆಲವೇ ದಿನಗಳ ಕೆಲಸ. ಗಣೇಶ ಹಬ್ಬ ಬಂತೆಂದು, ಮುಹೂರ್ತ ಸಿಗಲಿಲ್ಲವೆಂದು ಅದಕ್ಕಿಂತ ಹೆಚ್ಚು ದಿನ ನಮ್ಮಲ್ಲಿ ಪಾಯಾ ನಿಲ್ಲುತ್ತದೆ.

2019ರ ಅಕ್ಟೋಬರಿನಲ್ಲಿ ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಬಂಡೆ ಮನೆಗಳ ಮೇಲೆ ಉರುಳುವ ಹಾಗೆ ವಾಲಿದಾಗ, ತಜ್ಞರು ಬಂದು ನೋಡಿದರು, ಕೆಳಗಿನ ಜನರನ್ನು ಎಚ್ಚರಿಸಿದರು. ಅಪಾಯ ಮೇಲಿನಿಂದ ಬಂದರೆ ತಜ್ಞರನ್ನು ಕರೆಸಲು ನಮಗೆ ಗೊತ್ತು. ಕೆಳಗೆ, ನೆಲದಡಿಯಲ್ಲಿ ಅಳಿದುಹೋಗುತ್ತಿರುವುದಕ್ಕೂ ಹಾಗೆಯೇ ಕರೆಸಬಹುದು.

ಜನರು ಸಿಕ್ಕದ್ದನ್ನು ಮುಚ್ಚುವುದಕ್ಕೆ ಕಾರಣ ಅಸಡ್ಡೆ ಎಂದು ನಾನು ಒಪ್ಪುವುದಿಲ್ಲ. ಕಾರಣ ಅಂಜಿಕೆ. "ಯಾಕ ಬೇಕ್ರಿ ಆ ಉಸಾಬರಿ? ನಾಳೆ ಜಾಗಾನೇ ಸರಕಾರದ್ದು ಅಂದ್ರ?" ಈ ಮಾತನ್ನು ಮೂರೂ ತಾಲೂಕುಗಳಲ್ಲಿ ಕೇಳಿದ್ದೇನೆ. ಸಾಲ ತೆಗೆದು ಮನೆ ಕಟ್ಟುವವನಿಗೆ ಒಂದು ದಿನದ ಕೂಲಿಯೂ ಭಾರ. ಆದ್ದರಿಂದ ಸಣ್ಣ ಮನೆಯವನ ಹೆಗಲಿಗೆ ಈ ಖರ್ಚು ಹೊರಿಸುವುದು ಅನ್ಯಾಯ. ಅದನ್ನು ಸರಕಾರ ಹೊರಬೇಕು, ಜಾಗ ಕಸಿಯುವುದಿಲ್ಲವೆಂದು ಬರಹದಲ್ಲಿ ಭರವಸೆ ಕೊಡಬೇಕು, ನೋಡುವ ದಿನಗಳಿಗೆ ಮಿತಿ ಹಾಕಬೇಕು. ಎಕರೆಗಟ್ಟಲೆ ಲೇಔಟ್ ಮಾಡುವವರ ಮತ್ತು ಸರಕಾರಿ ಕಟ್ಟಡಗಳ ವಿಷಯ ಬೇರೆ. ಮಣ್ಣಿನ ತಾಳಿಕೆ ಪರೀಕ್ಷೆಗೆ ಎಸ್ಟಿಮೇಟಿನಲ್ಲಿ ಹಣ ಇಡುವವರು ಅದೇ ಮಣ್ಣಿನ ಚರಿತ್ರೆಯ ಪರೀಕ್ಷೆಗೂ ಇಡಲಿ. ನಗರಸಭೆ, ಪುರಸಭೆಗಳು ಹಳೇ ಪೇಟೆಯ ಗಡಿ ಗುರುತಿಸಿ, ಅದರೊಳಗಿನ ಕಟ್ಟಡ ಪರವಾನಿಗೆ ಅರ್ಜಿಯಲ್ಲಿ ಒಂದು ಕಾಲಮ್ ಸೇರಿಸಿದರೆ ಕೆಲಸ ಶುರುವಾದಂತೆಯೇ. ನೋಡುವ ಕೈಗಳಿಗೂ ಬರ ಇಲ್ಲ. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನಾ ಸಂಸ್ಥೆಯಿದೆ, ಮೂರೂ ಊರುಗಳ ಕಾಲೇಜುಗಳಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರಿದ್ದಾರೆ. ಶಾಸನದಲ್ಲಿ ತಮ್ಮ ಊರಿನ ಹೆಸರು ತೋರಿಸಿದಾಗ ಆ ಮಕ್ಕಳ ಮುಖ ಅರಳುವುದನ್ನು ನಾನು ನೋಡಿದ್ದೇನೆ.

ನೆರೆಯ ಪರಿಹಾರದ ಮನೆಗಳು ಎಷ್ಟೋ ಇನ್ನೂ ಅರ್ಧಕ್ಕೆ ನಿಂತಿವೆ. ಮೂಡಲಗಿಯ ಪ್ಲಾಟುಗಳಲ್ಲಿ ಸುಣ್ಣದ ಗೆರೆ ಇನ್ನೂ ಮಾಸಿಲ್ಲ. ಪಾಯಾ ತೋಡಲು ಹೊರಟವರಲ್ಲಿ, ತೋಡುವ ಗೌಂಡಿಗಳಲ್ಲಿ, ಜೆಸಿಬಿ ನಡೆಸುವ ತಮ್ಮಂದಿರಲ್ಲಿ ನನ್ನದೊಂದು ಬೇಡಿಕೆ: ಗುಂಡಿಯಲ್ಲಿ ಬೂದಿಯ ಗೆರೆ ಕಂಡರೆ, ಹಗೇವಿನ ಬಾಯಿ ತೆರೆದರೆ, ಮುಚ್ಚುವ ಮೊದಲು ಪಕ್ಕಕ್ಕೊಂದು ಸಲಿಕೆ ನಿಲ್ಲಿಸಿ ಫೋಟೊ ತೆಗೆಯಿರಿ, ಎಷ್ಟು ಅಡಿ ಆಳ ಎಂದು ಬರೆದಿಡಿ, ಊರಿನ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ಒಂದು ಫೋನ್ ಮಾಡಿ.

ನಾನು ಅಂದು ಅದನ್ನು ಮಾಡಲಿಲ್ಲ. ಆ ಹಗೇವಿನ ಮೇಲೆ ಈಗ ಎರಡಂತಸ್ತಿನ ಮನೆ ನಿಂತಿದೆ.